ಸಕ್ರೆಬೈಲಿನ ಹೆದ್ದಾರಿಗೆ ಶಬ್ದ ತಡೆಗೋಡೆ ಬೇಕೆ?

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗೆ ಹೊರಟರೆ, ಗಾಜನೂರಿನ ತುಂಗಾ ಅಣೆಕಟ್ಟೆಯ ಆಸುಪಾಸು ದಾಟುತ್ತಿದ್ದಂತೆ, ನಗರದಿಂದ ಸುಮಾರು 14 ಕಿ.ಮೀ. ದೂರದಲ್ಲಿ ಸಕ್ರೆಬೈಲು ಸಿಗುತ್ತದೆ. ಹೆದ್ದಾರಿಯ ಮಗ್ಗುಲಿಗೇ ಅರಣ್ಯ ಇಲಾಖೆಯ ಆನೆ ಬಿಡಾರ, ಬಿಡಾರದ ಮಗ್ಗುಲಿಗೆ ತುಂಗೆಯ ಹಿನ್ನೀರು, ಸುತ್ತ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡು. ಬೆಳಿಗ್ಗೆ ಮಾವುತರು, ಕಾವಾಡಿಗಳು ಆನೆಗಳನ್ನು ನೀರಿಗಿಳಿಸಿ ಮೈ ತಿಕ್ಕುವ ಹೊತ್ತಿಗೆ ಕೂಗಳತೆಯಲ್ಲೇ ರಾಷ್ಟ್ರೀಯ ಹೆದ್ದಾರಿ 169ರ ಮೇಲೆ ಲಾರಿ, ಬಸ್ಸು, ಕಾರುಗಳ ಓಟ ನಡೆದಿರುತ್ತದೆ. ಹಿಂದೆ 13ನೇ ನಂಬರಿನ ಸೊಲ್ಲಾಪುರ–ಮಂಗಳೂರು ಹೆದ್ದಾರಿಯ ಭಾಗವಾಗಿದ್ದ ರಸ್ತೆ ಇದು. ಮಲೆನಾಡನ್ನು ಕರಾವಳಿಗೆ ಜೋಡಿಸುವ ಮುಖ್ಯ ದಾರಿಗಳಲ್ಲಿ ಒಂದು.

ಹೆದ್ದಾರಿ ಅಗಲವಾದರೆ ಓಡಾಟ ಹೆಚ್ಚುತ್ತದೆ, ಓಡಾಟ ಹೆಚ್ಚಿದರೆ ಸದ್ದೂ ಹೆಚ್ಚುತ್ತದೆ. ಆಗ ತಟ್ಟನೆ ಹೊಳೆಯುವ ಪರಿಹಾರ ಗೋಡೆ. ರಸ್ತೆಯ ಅಂಚಿಗೆ ಎತ್ತರದ ಶಬ್ದ ತಡೆಗೋಡೆ ನಿಲ್ಲಿಸಿದರೆ ಈಚೆಗಿರುವವರಿಗೆ ನೆಮ್ಮದಿ ಸಿಗುತ್ತದೆ ಎಂಬುದು ಸರಳವಾದ ನಂಬಿಕೆ. ಆ ನಂಬಿಕೆ ಎಷ್ಟು ನಿಜ, ಎಲ್ಲಿ ನಿಜ, ಯಾರಿಗೆ ನಿಜ? ಭದ್ರಾವತಿಯ ಹೆದ್ದಾರಿ ಪಕ್ಕದ ಮನೆಗೂ ಸಕ್ರೆಬೈಲಿನ ಆನೆಗೂ ಉತ್ತರ ಒಂದೇ ಆಗಬೇಕಿಲ್ಲ.

ಸದ್ದಿನ ಲೆಕ್ಕ, ಕಾನೂನಿನ ಲೆಕ್ಕ

ಸದ್ದನ್ನು ಅಳೆಯುವ ಮಾನ ಡೆಸಿಬಲ್. ಇದರ ಲೆಕ್ಕ ಕೂಡು–ಕಳೆಯುವ ಸಾಮಾನ್ಯ ಲೆಕ್ಕವಲ್ಲ. ರಸ್ತೆಯ ಮೇಲಿನ ವಾಹನಗಳು ಎರಡರಷ್ಟಾದರೆ ಸದ್ದು 3 ಡೆಸಿಬಲ್ ಮಾತ್ರ ಏರುತ್ತದೆ. 10 ಡೆಸಿಬಲ್ ಏರಿದರೆ ನಮ್ಮ ಕಿವಿಗೆ ಸದ್ದು ಎರಡರಷ್ಟಾದಂತೆ ಕೇಳುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ಅರ್ಧದಷ್ಟು ವಾಹನಗಳನ್ನು ಬೇರೆ ದಾರಿಗೆ ಕಳಿಸಿದರೂ ರಸ್ತೆ ಪಕ್ಕದವರಿಗೆ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ದೂರವೂ ಹಾಗೆಯೇ. ಸಾಲಾಗಿ ವಾಹನ ಓಡುವ ರಸ್ತೆಯಿಂದ ನಿಮ್ಮ ದೂರ ಎರಡರಷ್ಟಾದಾಗ ಸದ್ದು ಸುಮಾರು 3 ಡೆಸಿಬಲ್ ಇಳಿಯುತ್ತದೆ, ನೆಲ ಮೆತ್ತಗಿದ್ದು ಹುಲ್ಲು ಬೆಳೆದಿದ್ದರೆ ಇನ್ನಷ್ಟು.

ನಮ್ಮಲ್ಲಿ ಇದಕ್ಕೆ ಕಾನೂನಿದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 2000ದಲ್ಲಿ ಬಂದ ಶಬ್ದ ಮಾಲಿನ್ಯ ನಿಯಮಗಳು ಊರನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತವೆ. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು. ವ್ಯಾಪಾರದ ಪ್ರದೇಶದಲ್ಲಿ 65 ಮತ್ತು 55, ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, ಉಳಿದದ್ದು ರಾತ್ರಿ. 2005ರ ಜುಲೈ 18ರಂದು ಸುಪ್ರೀಂ ಕೋರ್ಟು, ಸದ್ದಿನ ಹಾವಳಿಯಿಲ್ಲದೆ ಬದುಕುವುದು ಸಂವಿಧಾನದ 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕಿನೊಳಗೇ ಬರುತ್ತದೆ ಎಂದು ತೀರ್ಪಿತ್ತಿತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಹೊರಡಿಸಿದ ಮಾರ್ಗಸೂಚಿ, ರಾತ್ರಿ ಹೊತ್ತಿನ ರಸ್ತೆ ಸದ್ದು 45 ಡೆಸಿಬಲ್‌ಗಿಂತ ಕೆಳಗಿರಬೇಕು ಎನ್ನುತ್ತದೆ. ನಮ್ಮ ನಿಯಮದ ಅಂಕಿಯೂ ಅದೇ. ಅಂಕಿ ಸರಿಯಿದೆ, ಪಾಲನೆ ಇಲ್ಲ.

ಸದ್ದು ಕಿವಿಗೆ ಕಿರಿಕಿರಿ ಮಾಡಿ ಸುಮ್ಮನಾಗುವುದಿಲ್ಲ. ನಿದ್ದೆ ಕೆಡಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ, ಹೃದಯದ ಕಾಯಿಲೆಗೆ ದಾರಿ ಮಾಡುತ್ತದೆ. ಪಶ್ಚಿಮ ಯುರೋಪಿನಲ್ಲಿ ವಾಹನ ಸಂಚಾರದ ಸದ್ದಿನಿಂದ ಪ್ರತಿವರ್ಷ ಕನಿಷ್ಠ 10 ಲಕ್ಷ ವರ್ಷಗಳಷ್ಟು ಆರೋಗ್ಯವಂತ ಆಯುಷ್ಯ ನಷ್ಟವಾಗುತ್ತಿದೆ ಎಂದು ಅದೇ ಸಂಸ್ಥೆ 2011ರಲ್ಲಿ ಲೆಕ್ಕ ಹಾಕಿತ್ತು. ಮಕ್ಕಳ ಮೇಲಿನ ಪರಿಣಾಮಕ್ಕೆ ನ್ಯೂಯಾರ್ಕಿನ ಒಂದು ಶಾಲೆಯ ಉದಾಹರಣೆ ಪ್ರಸಿದ್ಧ. ಮೇಲುಸೇತುವೆಯ ರೈಲು ಹಾದಿಯ ಕಡೆಗಿದ್ದ ತರಗತಿಗಳ ಮಕ್ಕಳು, ಕಟ್ಟಡದ ಇನ್ನೊಂದು ಬದಿಯ ಮಕ್ಕಳಿಗಿಂತ ಓದಿನಲ್ಲಿ ಹಿಂದೆ ಬಿದ್ದಿರುವುದನ್ನು ಮನಶ್ಶಾಸ್ತ್ರಜ್ಞೆ ಆರ್ಲೀನ್ ಬ್ರಾನ್ಜಾಫ್ಟ್ 1975ರಲ್ಲಿ ತೋರಿಸಿಕೊಟ್ಟರು. ಆಮೇಲೆ ಹಳಿಯಡಿಗೆ ರಬ್ಬರ್ ಪಟ್ಟಿ ಹಾಸಿ, ತರಗತಿಯ ಚಾವಣಿಗೆ ಸದ್ದು ಹೀರುವ ಹೊದಿಕೆ ಹಾಕಿದರು. ಎರಡು ಬದಿಯ ಮಕ್ಕಳ ನಡುವಿನ ಅಂತರ ಅಳಿಸಿಹೋಯಿತು. ಅಲ್ಲಿ ಯಾರೂ ಗೋಡೆ ಕಟ್ಟಲಿಲ್ಲ. ಸದ್ದು ಹುಟ್ಟುವಲ್ಲಿ ಅರ್ಧ, ಕೇಳುವಲ್ಲಿ ಅರ್ಧ ತಗ್ಗಿಸಿದರು.

ಗೋಡೆ ಹೇಗೆ ಕೆಲಸ ಮಾಡುತ್ತದೆ

ಹೆದ್ದಾರಿಯ ಸದ್ದು ತಡೆಯಲೆಂದೇ ಕಟ್ಟಿದ ಗೋಡೆಗಳ ಕಥೆ ಅಮೆರಿಕದಲ್ಲಿ 1968ರ ಹೊತ್ತಿಗೆ, ಕ್ಯಾಲಿಫೋರ್ನಿಯಾದ ಹೆದ್ದಾರಿಯೊಂದರ ಅಂಚಿನಲ್ಲಿ ಶುರುವಾಯಿತು. ಅರ್ಧ ಶತಮಾನಕ್ಕೂ ಮಿಕ್ಕಿದ ಅನುಭವದಿಂದ ಅದರ ಗುಣದೋಷ ಈಗ ಚೆನ್ನಾಗಿ ಗೊತ್ತಿದೆ.

ವಾಹನ ಕಣ್ಣಿಗೆ ಕಾಣದಷ್ಟು ಎತ್ತರಕ್ಕೆ ಗೋಡೆ ಬಂದಾಗ ಸುಮಾರು 5 ಡೆಸಿಬಲ್ ತಗ್ಗುತ್ತದೆ. ಅದರಿಂದ ಮೇಲಕ್ಕೆ ಒಂದೊಂದು ಮೀಟರ್ ಏರಿಸಿದಾಗ ಸುಮಾರು ಒಂದೂವರೆ ಡೆಸಿಬಲ್ ಸಿಗುತ್ತದೆ. ಚೆನ್ನಾಗಿ ಕಟ್ಟಿದ ಗೋಡೆ 10 ಡೆಸಿಬಲ್ ತಗ್ಗಿಸಿದರೆ ಅದು ಗೆದ್ದ ಹಾಗೆ. 15 ದಾಟಿಸುವುದು ಬಹಳ ಕಷ್ಟ. ಏಕೆಂದರೆ ಸದ್ದು ಗೋಡೆಯ ತಲೆಯ ಮೇಲಿಂದ ಬಾಗಿ ಈಚೆಗೆ ಇಳಿಯುತ್ತದೆ. ಹಾಗಾಗಿ ಗೋಡೆಯ ಹಿಂದಿನ ಮೊದಲ ಸಾಲಿನ ಮನೆಗಳಿಗೆ ಲಾಭ ಹೆಚ್ಚು. ದೂರ ಹೋದಂತೆ ಲಾಭ ಕರಗುತ್ತದೆ. ದಿಬ್ಬದ ಮೇಲಿನ ಮನೆಗೆ, ಎರಡನೇ ಮಹಡಿಗೆ ಸಿಗುವುದು ಬಹುತೇಕ ಏನೂ ಇಲ್ಲ. ಮಲೆನಾಡಿನ ಏರು–ತಗ್ಗಿನ ನೆಲದಲ್ಲಿ ಇದು ಸಣ್ಣ ಮಾತಲ್ಲ.

ಉದ್ದದ ಮಾತು ಇನ್ನೂ ಕಠಿಣ. ಗೋಡೆಯಿಂದ ಮನೆ ಎಷ್ಟು ದೂರವಿದೆಯೋ ಅದರ ನಾಲ್ಕರಷ್ಟು ದೂರಕ್ಕೆ ಗೋಡೆ ಎರಡೂ ಕಡೆ ಚಾಚಿರಬೇಕು ಎಂಬುದು ರಸ್ತೆ ಎಂಜಿನಿಯರುಗಳ ಅಂದಾಜು. 20 ಮೀಟರ್ ಹಿಂದಿರುವ ಒಂದೇ ಮನೆಯ ರಕ್ಷಣೆಗೆ ಅತ್ತ 80, ಇತ್ತ 80 ಮೀಟರ್ ಗೋಡೆ ಬೇಕು. ನಡುವೆ ತೆರಪು ಇರಬಾರದು. ನಮ್ಮ ಹೆದ್ದಾರಿಗಳ ಪಕ್ಕದ ಬದುಕು ಹಾಗಿಲ್ಲ. ಪ್ರತಿ ಮನೆಗೂ ರಸ್ತೆಗೆ ಬರಲು ದಾರಿ ಬೇಕು, ಅಂಗಡಿಗೆ ಗಿರಾಕಿ ಬರಬೇಕು, ತೋಟಕ್ಕೆ ಗೊಬ್ಬರದ ಗಾಡಿ ಹೋಗಬೇಕು, ಬಸ್ಸು ಕೈತೋರಿಸಿದಲ್ಲಿ ನಿಲ್ಲಬೇಕು. ಇಷ್ಟು ದಾರಿ ಬಿಟ್ಟು ಗೋಡೆ ಕಟ್ಟುವುದೆಂದರೆ ತೂಬು ತೆರೆದಿಟ್ಟು ಕೆರೆಯ ಏರಿ ಎತ್ತರಿಸಿದ ಹಾಗೆ.

ಗೋಡೆಯ ಬದಲು ಮರ ನೆಟ್ಟರೆ ಸಾಲದೆ ಎಂದು ಕೇಳುವವರು ಬಹಳ. ಮರದ ನೆರಳು, ತಂಪು, ಹಕ್ಕಿ ಎಲ್ಲ ಬೇಕಾದವೇ. ಸದ್ದಿನ ಮಟ್ಟಿಗೆ ಮಾತ್ರ ಒಂದು ಸಾಲು ಮರದಿಂದ ಉಪಯೋಗ ಕಡಿಮೆ. ಆಚೆಯದು ಕಾಣದಷ್ಟು ದಟ್ಟವಾದ, ಸುಮಾರು 30 ಮೀಟರ್ ಅಗಲದ ಕಾಡುಪಟ್ಟಿ ಇದ್ದರೆ 5 ಡೆಸಿಬಲ್ ತಗ್ಗಬಹುದು. ಅಷ್ಟು ಕಾಡು ಈಗಾಗಲೇ ಇರುವ ಕಡೆ ಅದನ್ನು ಕಡಿಯದೆ ಉಳಿಸಿಕೊಳ್ಳುವುದೇ ಅಗ್ಗದ ತಡೆಗೋಡೆ. ಮಣ್ಣಿನ ದಿಬ್ಬವೂ ಒಳ್ಳೆಯದೇ. ಅದೇ ಎತ್ತರದ ನೆಟ್ಟನೆಯ ಗೋಡೆಗಿಂತ ಹುಲ್ಲು ಬೆಳೆದ ದಿಬ್ಬ ಸದ್ದನ್ನು ತುಸು ಹೆಚ್ಚು ಹೀರುತ್ತದೆ. ಆದರೆ ಅದಕ್ಕೆ ಅಗಲವಾದ ಜಾಗ ಬೇಕು, ಮಳೆಗಾಲಕ್ಕೆ ಕುಸಿಯದಂತೆ ಇಳಿಜಾರು ಬೇಕು, ನೀರು ಹರಿಯಲು ಚರಂಡಿ ಬೇಕು.

ಆನೆಯ ಕಿವಿಗೆ ಗೋಡೆ ಅಡ್ಡವಲ್ಲ

ಇಷ್ಟೂ ಮನುಷ್ಯರ ಕಿವಿಯ ಲೆಕ್ಕ. ಸಕ್ರೆಬೈಲಿನಲ್ಲಿ ಕೇಳಿಸಿಕೊಳ್ಳುವವರು ಬೇರೆಯವರೂ ಇದ್ದಾರೆ.

1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಿದ್ದ ಕೇಟಿ ಪೇನ್ ಎಂಬ ಸಂಶೋಧಕಿಗೆ, ಕಿವಿಗೆ ಏನೂ ಕೇಳದಿದ್ದರೂ ಗಾಳಿಯಲ್ಲಿ ಮಿಡಿತವೊಂದು ಮೈಗೆ ತಾಕಿದಂತಾಯಿತು. ಆನೆಗಳು ಮನುಷ್ಯನ ಕಿವಿಗೆ ನಿಲುಕದಷ್ಟು ತಗ್ಗಿನ ಸ್ವರದಲ್ಲಿ ಒಂದಕ್ಕೊಂದು ಮಾತಾಡುತ್ತವೆ ಎಂಬುದು ಹೀಗೆ ಬೆಳಕಿಗೆ ಬಂತು. ಆ ಕರೆಗಳ ಕಂಪನ ಸೆಕೆಂಡಿಗೆ ಸುಮಾರು 14ರಿಂದ 24. ಇಂಥ ತಗ್ಗುಸ್ವರ ಕಿಲೋಮೀಟರುಗಟ್ಟಲೆ ದೂರ ಸಾಗುತ್ತದೆ. ಕಾಡಿನಲ್ಲಿ ಚದುರಿದ ಆನೆಗಳು ಪರಸ್ಪರ ಸುಳಿವು ಇಟ್ಟುಕೊಳ್ಳುವುದು ಇದರಿಂದಲೇ.

ಭಾರದ ಲಾರಿಯ ಎಂಜಿನ್ನಿನ ಗುಡುಗು, ಲೋಡು ಹೊತ್ತು ಏರು ಹತ್ತುವಾಗಿನ ಅದುರು, ಇವೂ ತಗ್ಗುಸ್ವರದ ಸದ್ದುಗಳೇ. ಸೆಕೆಂಡಿಗೆ 20 ಕಂಪನದ ಅಲೆಯ ಉದ್ದ ಸುಮಾರು 17 ಮೀಟರ್. 4 ಮೀಟರ್ ಎತ್ತರದ ಗೋಡೆ ಅಂಥ ಅಲೆಗೆ ಲೆಕ್ಕಕ್ಕೇ ಬರುವುದಿಲ್ಲ. ಅಲೆ ಅದನ್ನು ಸುಲಭವಾಗಿ ಬಳಸಿ ದಾಟುತ್ತದೆ. ಗೋಡೆ ಚೆನ್ನಾಗಿ ತಡೆಯುವುದು ಟೈರಿನ ಉಜ್ಜಾಟದಂಥ ಏರುಸ್ವರವನ್ನು. ಅಂದರೆ ಗೋಡೆಯ ಹಿಂದೆ ನಿಂತ ಪ್ರವಾಸಿಗೆ ಹಿತವೆನಿಸಿದ ಜಾಗ, ಅವನ ಪಕ್ಕದಲ್ಲೇ ನಿಂತ ಆನೆಗೆ ಅಷ್ಟೇ ಗದ್ದಲದ್ದಾಗಿ ಉಳಿಯಬಹುದು.

ನಮ್ಮ ಅಳತೆಯ ವಿಧಾನವೂ ಇದನ್ನು ಮರೆಮಾಚುತ್ತದೆ. ಕಾನೂನು ಬಳಸುವ ಡೆಸಿಬಲ್ ಮನುಷ್ಯನ ಕಿವಿಗೆ ಹೊಂದಿಸಿ ಮಾಡಿದ ಅಳತೆ. ನಮಗೆ ಕೇಳದ ತಗ್ಗುಸ್ವರವನ್ನು ಅದು ಲೆಕ್ಕದಿಂದ ಕಳೆದುಬಿಡುತ್ತದೆ. ಸೆಕೆಂಡಿಗೆ 20 ಕಂಪನದ ಸದ್ದಿನಲ್ಲಿ ಹೀಗೆ ಕಳೆಯುವುದು ಸುಮಾರು 50 ಡೆಸಿಬಲ್. ಮಾಮೂಲಿ ಮೀಟರ್ ಹಿಡಿದು ಬಿಡಾರದಲ್ಲಿ ಅಳೆದು ‘ಮಿತಿಯೊಳಗಿದೆ’ ಎಂದು ಬರೆದುಕೊಂಡರೆ, ಆನೆ ಏನು ಕೇಳುತ್ತಿದೆ ಎಂಬುದು ಆ ಕಾಗದದಲ್ಲಿ ಇರುವುದೇ ಇಲ್ಲ.

ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಮಂಡಗದ್ದೆ ಪಕ್ಷಿಧಾಮವಿದೆ. ಮಳೆಗಾಲದಲ್ಲಿ ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವ ಜಾಗ ಹೆದ್ದಾರಿಗೆ ಅಂಟಿಕೊಂಡಂತೆಯೇ ಇದೆ. ಸದ್ದು ಹಕ್ಕಿಗಳನ್ನು ಓಡಿಸುತ್ತದೆಯೇ, ಅಥವಾ ರಸ್ತೆಯ ಹೊಗೆ, ಬೆಳಕು, ಅಪಘಾತಗಳೇ ಕಾರಣವೇ ಎಂಬುದನ್ನು ಬಿಡಿಸಿ ನೋಡಲು ಅಮೆರಿಕದ ಐಡಹೊ ರಾಜ್ಯದ ವಿಜ್ಞಾನಿಗಳು ರಸ್ತೆಯೇ ಇಲ್ಲದ ಕಾಡಿನಲ್ಲಿ ಧ್ವನಿವರ್ಧಕಗಳ ಸಾಲು ಇಟ್ಟು ರಸ್ತೆಯ ಸದ್ದನ್ನಷ್ಟೇ ಕೇಳಿಸಿದರು. ಅಷ್ಟಕ್ಕೇ ಅಲ್ಲಿನ ಹಕ್ಕಿಗಳ ಸಂಖ್ಯೆ ಕಾಲು ಭಾಗಕ್ಕಿಂತ ಹೆಚ್ಚು ಕುಗ್ಗಿತು. ಹಾಗೆಂದು ಮಂಡಗದ್ದೆಯಲ್ಲಿ ಪಾರದರ್ಶಕ ಗೋಡೆ ನಿಲ್ಲಿಸಿದರೆ ನೋಟ ಉಳಿದೀತು, ಆದರೆ ಗಾಜಿನಂಥ ಹಲಗೆ ಕಾಣದೆ ಹಾರಿ ಬರುವ ಹಕ್ಕಿ ಅದಕ್ಕೇ ಬಡಿದು ಸಾಯುತ್ತದೆ.

ಪೆಂಚ್ ಮತ್ತು ಬಂಡೀಪುರ

ಕಾಡಿನ ಹೆದ್ದಾರಿಗೆ ಗೋಡೆ ಹಾಕಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಮಧ್ಯಪ್ರದೇಶ–ಮಹಾರಾಷ್ಟ್ರ ಗಡಿಯ ಪೆಂಚ್ ಹುಲಿ ಮೀಸಲು ಪ್ರದೇಶದಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44ನ್ನು ಅಗಲಗೊಳಿಸುವಾಗ, ದೀರ್ಘಕಾಲದ ಕಾನೂನು ಹೋರಾಟದ ನಂತರ, ಪ್ರಾಣಿಗಳು ಅಡಿಯಿಂದ ದಾಟಲು ಕೆಳಸೇತುವೆಗಳನ್ನು ಕಟ್ಟಲಾಯಿತು. ಮಹಾರಾಷ್ಟ್ರದ ಭಾಗದಲ್ಲೇ ಇಂಥ ಒಂಬತ್ತು ರಚನೆಗಳಿವೆ, ಅವುಗಳಲ್ಲಿ ಅತಿ ಉದ್ದದ್ದು 750 ಮೀಟರ್. ಮಧ್ಯಪ್ರದೇಶದ ಸಿವನಿ ಜಿಲ್ಲೆಯ ಭಾಗದಲ್ಲಿ ರಸ್ತೆಯ ಅಂಚಿಗೆ ಸುಮಾರು 4 ಮೀಟರ್ ಎತ್ತರದ ಉಕ್ಕಿನ ಗೋಡೆ ನಿಲ್ಲಿಸಿ ಸದ್ದು ಮತ್ತು ಹೆಡ್‌ಲೈಟಿನ ಬೆಳಕು ಕಾಡಿಗೆ ಚೆಲ್ಲದಂತೆ ಮಾಡಿದರು. ಕೆಳಸೇತುವೆಗಳನ್ನು ಹುಲಿಗಳೂ ಬಳಸುತ್ತಿರುವುದು ಭಾರತೀಯ ವನ್ಯಜೀವಿ ಸಂಸ್ಥೆಯ ಕ್ಯಾಮೆರಾಗಳಲ್ಲಿ ದಾಖಲಾಗಿದೆ.

ಇಲ್ಲಿ ಗಮನಿಸಬೇಕಾದ್ದು ಒಂದೇ. ಪೆಂಚ್‌ನ ಗೋಡೆ ಒಂಟಿಯಾಗಿ ನಿಂತಿಲ್ಲ. ರಸ್ತೆ ಮೇಲೆ, ಪ್ರಾಣಿ ಕೆಳಗೆ ಎಂಬ ಏರ್ಪಾಡಿನ ಜೊತೆಯಲ್ಲಿ ಅದು ಬಂದಿದೆ. ಕೆಳಗೆ ದಾರಿ ಬಿಡದೆ ನೆಲಮಟ್ಟದ ರಸ್ತೆಗೆ ಅದೇ ಗೋಡೆ ಕಟ್ಟಿದರೆ ಅದು ಬೇಲಿಯಾಗುತ್ತದೆ, ಕಾಡನ್ನು ಎರಡು ಹೋಳು ಮಾಡುತ್ತದೆ. ಗೊತ್ತಿಲ್ಲದೆ ಒಳಗೆ ಸಿಕ್ಕಿಕೊಂಡ ಪ್ರಾಣಿಗೆ ಹೊರಬರಲು ದಾರಿಯಿರುವುದಿಲ್ಲ. ಸಕ್ರೆಬೈಲಿನ ಆಸುಪಾಸಿನಲ್ಲಿ ಆನೆ, ಕಾಡುಕೋಣ, ಜಿಂಕೆಗಳಿಗೆ ಕಾಡು ಮತ್ತು ನೀರಿನ ನಡುವಿನ ಓಡಾಟ ಬದುಕಿನ ಪ್ರಶ್ನೆ.

ಬಂಡೀಪುರದ ದಾರಿ ಬೇರೆ. ಅಲ್ಲಿ ಗೋಡೆ ಕಟ್ಟಲಿಲ್ಲ, ಹೊತ್ತು ಗೊತ್ತುಮಾಡಿದರು. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಬಂಡೀಪುರದೊಳಗಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧಿಸಿತು. 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಉದ್ದೇಶ ವಾಹನಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳನ್ನು ಉಳಿಸುವುದಾಗಿತ್ತು. ಜೊತೆಗೆ ಕಾಡಿಗೆ ಇರುಳಿನ ಮೌನವೂ ಮರಳಿತು. ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೂ ನಿಗದಿತ ಕೆಲವೇ ಬಸ್ಸುಗಳಿಗೂ ಅಲ್ಲಿ ಅವಕಾಶವಿದೆ.

ಬಂಡೀಪುರದ ನಿಯಮವನ್ನು ಇದ್ದಹಾಗೇ ತಂದು ಸಕ್ರೆಬೈಲಿಗೆ ಹೇರುವುದು ನ್ಯಾಯವಲ್ಲ. ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳಿಗೆ ಮಲೆನಾಡಿನವರು ರೋಗಿಗಳನ್ನು ಕರೆದೊಯ್ಯುವ ದಾರಿ ಇದು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯವರಿಗೆ ಶಿವಮೊಗ್ಗದ ಕಡೆಗೂ ಇದೇ ಹತ್ತಿರ. ಬಂಡೀಪುರದಿಂದ ಕಲಿಯಬೇಕಾದ್ದು ನಿಷೇಧವನ್ನಲ್ಲ, ವಿವೇಕವನ್ನು. ಸದ್ದಿಗೆ ಮದ್ದು ವಾಹನದ ನಡೆಯಲ್ಲೂ ಇದೆ, ವೇಳೆಯಲ್ಲೂ ಇದೆ.

ಹುಟ್ಟುವಲ್ಲೇ ತಗ್ಗಿಸುವುದು

ಅಮೆರಿಕದ ಹೆದ್ದಾರಿ ಆಡಳಿತ ಜನರಿಗೆ ತಿಳಿಹೇಳಲು ಎರಡು ಹೋಲಿಕೆ ಕೊಡುತ್ತದೆ. ಗಂಟೆಗೆ 105 ಕಿ.ಮೀ. ವೇಗದ ಸಂಚಾರ ಸುಮಾರು 48 ಕಿ.ಮೀ. ವೇಗದ ಸಂಚಾರಕ್ಕಿಂತ ಎರಡರಷ್ಟು ಜೋರಾಗಿ ಕೇಳುತ್ತದೆ. 88 ಕಿ.ಮೀ. ವೇಗದಲ್ಲಿ ಓಡುವ ಒಂದು ಲಾರಿಯ ಸದ್ದು ಅದೇ ವೇಗದ 28 ಕಾರುಗಳ ಸದ್ದಿಗೆ ಸಮ. ಮೊದಲನೆಯ ಮಾತಿನ ಅರ್ಥ ದೊಡ್ಡದು. ವೇಗವನ್ನು ಅಷ್ಟು ಇಳಿಸಿದರೆ ಸಿಗುವ ನೆಮ್ಮದಿ, ಚೆನ್ನಾಗಿ ಕಟ್ಟಿದ ಗೋಡೆಯಿಂದ ಸಿಗುವಷ್ಟೇ. ಗೋಡೆಗೆ ತಗಲುವ ಖರ್ಚಿಲ್ಲ, ಕಾಡು ಹೋಳಾಗುವುದಿಲ್ಲ, ಅಪಘಾತವೂ ತಗ್ಗುತ್ತದೆ.

ವೇಗ ಇಳಿಸಲು ಎಲ್ಲ ಕಡೆ ಹಂಪ್ ಹಾಕುವುದು ನಮ್ಮ ರೂಢಿ. ಸದ್ದಿನ ದೃಷ್ಟಿಯಿಂದ ಅದು ತಪ್ಪು. ಹಂಪ್ ಬಂದಲ್ಲಿ ಲಾರಿ ಬ್ರೇಕ್ ಒತ್ತುತ್ತದೆ, ಖಾಲಿ ಬಾಡಿ ದಡಬಡಿಸುತ್ತದೆ, ಮತ್ತೆ ಗೇರು ಬದಲಿಸಿ ಎಂಜಿನ್ ಗುಡುಗುತ್ತದೆ. ಬಿಡಾರದ ಮುಂದಿನ ಹಾದಿಯಲ್ಲಿ ಸ್ಪಷ್ಟ ಫಲಕ, ಕಿರಿದಾಗಿ ಕಾಣುವಂತೆ ಬಳಿದ ರಸ್ತೆಗೆರೆ, ವೇಗ ಹಿಡಿಯುವ ಕ್ಯಾಮೆರಾ ಇವೇ ಹೆಚ್ಚು ಒಳ್ಳೆಯವು. ಗುಂಡಿ ಮುಚ್ಚಿ, ಸೇತುವೆಗಳ ಜೋಡಣೆಯ ಸಂದು ಸರಿಪಡಿಸಿ ರಸ್ತೆಯನ್ನು ನುಣುಪಾಗಿಟ್ಟರೆ ಅದೂ ಸದ್ದು ತಗ್ಗಿಸುವ ಕೆಲಸವೇ.

ಎಲ್ಲಕ್ಕಿಂತ ಮುಂಚೆ ಹಾರ್ನ್. ನಮ್ಮ ರಸ್ತೆಗಳ ಸದ್ದನ್ನು ಯುರೋಪಿನ ರಸ್ತೆಗಳಿಂದ ಬೇರೆ ಮಾಡುವುದು ಇದೇ. ಹಲವು ದನಿಗಳಲ್ಲಿ ಕೂಗುವ ಹಾರ್ನ್‌ಗಳಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ನಿಷೇಧವಿದೆ. 2019ರ ತಿದ್ದುಪಡಿಯ ನಂತರ ಅನಗತ್ಯವಾಗಿ ಹಾರ್ನ್ ಮಾಡಿದರೆ, ಹಾರ್ನ್ ನಿಷೇಧದ ಫಲಕವಿರುವಲ್ಲಿ ಹಾರ್ನ್ ಮಾಡಿದರೆ ಮೊದಲ ಸಲ 1,000, ಮತ್ತೆ ಮಾಡಿದರೆ 2,000 ರೂಪಾಯಿ ದಂಡ. ರಾಜ್ಯದ ಹಲವು ನಗರಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ಬಿಚ್ಚಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ಓದುಗರು ಪತ್ರಿಕೆಗಳಲ್ಲಿ ನೋಡಿದ್ದಾರೆ. ಅಂಥ ಕೆಲಸ ವರ್ಷಕ್ಕೊಂದು ದಿನದ ಪ್ರದರ್ಶನವಾಗದೆ ನಿತ್ಯದ ಕರ್ತವ್ಯವಾಗಬೇಕು. ಹಾರ್ನಿಗೆ ಗೋಡೆ ಕಟ್ಟುವುದು ಕೊನೆಯಿಲ್ಲದ ಕೆಲಸ. ಅದನ್ನು ಒತ್ತುವ ಕೈಯನ್ನು ತಡೆಯುವುದು ನಮ್ಮಿಂದ ಆಗುವಂಥದು.

ಬಿಡಾರಕ್ಕೆ ಬರುವ ನಾವೂ ಇದರಲ್ಲಿ ಪಾಲುದಾರರು. ರಜೆಯ ದಿನ ಸಾಲುಗಟ್ಟಿ ನಿಲ್ಲುವ ವಾಹನಗಳು, ಪ್ರವಾಸದ ಬಸ್ಸಿನ ಹಾಡಿನ ಅಬ್ಬರ, ಆನೆಯ ಎದುರೇ ಕೇಕೆ, ಇವೆಲ್ಲ ಹೆದ್ದಾರಿಯ ಸದ್ದಿಗೆ ನಾವು ಸೇರಿಸುವ ಸದ್ದು. ವಾಹನ ನಿಲುಗಡೆಯನ್ನು ಬಿಡಾರದಿಂದ ದೂರಕ್ಕೆ ಸರಿಸಿ, ಅಲ್ಲಿಂದ ನಡೆದು ಬರುವ ವ್ಯವಸ್ಥೆ ಮಾಡಿದರೆ ಆನೆಗೂ ಮಾವುತನಿಗೂ ಅನುಕೂಲ.

ಊರೊಳಗಿನ ಹೆದ್ದಾರಿ

ಶಿವಮೊಗ್ಗ–ಭದ್ರಾವತಿಯ ಮಾತು ಬೇರೆ. ಬೆಂಗಳೂರು–ಹೊನ್ನಾವರ ಹೆದ್ದಾರಿ, ಜನರ ಬಾಯಲ್ಲಿ ಬಿ.ಎಚ್. ರಸ್ತೆ, ಎರಡೂ ಊರುಗಳ ನಟ್ಟನಡುವೆ ಹಾಯುತ್ತದೆ. ಶಿವಮೊಗ್ಗದಲ್ಲಿ ಸಹ್ಯಾದ್ರಿ ಕಾಲೇಜು ಈ ರಸ್ತೆಯ ಮೇಲಿದೆ, ಮೆಗ್ಗಾನ್ ಆಸ್ಪತ್ರೆ ಸಾಗರ ರಸ್ತೆಯಲ್ಲಿದೆ. ರೋಗಿ ಮಲಗುವ, ವಿದ್ಯಾರ್ಥಿ ಪಾಠ ಕೇಳುವ ಜಾಗಗಳಿಗೆ ತಡೆಗೋಡೆ ನಿಜವಾಗಿ ಉಪಯೋಗಕ್ಕೆ ಬರಬಹುದು. ಅಲ್ಲಿ ಕಾಂಪೌಂಡ್ ಹೇಗೂ ಇರುತ್ತದೆ, ಗೇಟು ಒಂದೋ ಎರಡೋ, ಕೇಳಿಸಿಕೊಳ್ಳುವ ಕಿವಿಗಳೆಲ್ಲ ಮನುಷ್ಯರವು. ಇರುವ ಕಾಂಪೌಂಡನ್ನೇ ಸಂದಿಲ್ಲದಂತೆ ಗಟ್ಟಿಯಾಗಿ ಎತ್ತರಿಸುವುದು, ರಸ್ತೆಯ ಕಡೆಗಿನ ಕಿಟಕಿಗಳಿಗೆ ಎರಡು ಪದರದ ಗಾಜು ಹಾಕುವುದು, ವಾರ್ಡು ಹಾಗೂ ತರಗತಿಗಳನ್ನು ಹಿಂಬದಿಗೆ, ಕಚೇರಿ–ಉಗ್ರಾಣಗಳನ್ನು ಮುಂಬದಿಗೆ ಬದಲಿಸುವುದು ಇವೆಲ್ಲ ಕೈಗೆಟುಕುವ ಕೆಲಸಗಳು.

ಇಲ್ಲೊಂದು ಕಾನೂನಿನ ತೊಡಕನ್ನು ಜನ ತಿಳಿದಿರಬೇಕು. ಆಸ್ಪತ್ರೆ, ಶಾಲೆಯ ಸುತ್ತಲಿನ 100 ಮೀಟರ್ ತನ್ನಷ್ಟಕ್ಕೆ ನಿಶ್ಶಬ್ದ ವಲಯವಾಗುತ್ತದೆ ಎಂಬ ಭಾವನೆ ಸಾಮಾನ್ಯ. 2017ರ ತಿದ್ದುಪಡಿಯ ಪ್ರಕಾರ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸದಿದ್ದರೆ ಅದು ನಿಶ್ಶಬ್ದ ವಲಯವಲ್ಲ. ಆದ್ದರಿಂದ ಊರಿನವರು ಮೊದಲು ಕೇಳಬೇಕಾದ್ದು ಗೋಡೆಯನ್ನಲ್ಲ, ಅಧಿಸೂಚನೆಯನ್ನು.

ಹಾಗಾದರೆ ಏನು ಮಾಡಬೇಕು

ಎಲ್ಲವನ್ನೂ ತೂಗಿ ನೋಡಿದರೆ ಸಕ್ರೆಬೈಲಿನ ಬಿಡಾರದ ಬಳಿ ಗೋಡೆ ಬೇಡ. ಅದು ಆನೆಗೆ ಸದ್ದು ತಗ್ಗಿಸುವುದಿಲ್ಲ, ಕಾಡಿನ ದಾರಿ ಮುಚ್ಚುತ್ತದೆ. ಹಿನ್ನೀರಿನಂಥ ಗಟ್ಟಿ ಸಮತಲದ ಮೇಲೆ, ಇರುಳ ತಂಪಿನಲ್ಲಿ ದೂರಕ್ಕೆ ಸಾಗುವ ಸದ್ದನ್ನೂ ಅದು ಹಿಡಿಯಲಾರದು. ಮಲೆನಾಡಿನ ಮಳೆಗೆ ಉಕ್ಕಿನ ಹಲಗೆ ತುಕ್ಕು ಹಿಡಿದು, ಸಂದು ಬಿಟ್ಟು, ನಾಲ್ಕಾರು ವರ್ಷಕ್ಕೆ ಯಾರ ಹೊಣೆಯೂ ಅಲ್ಲದ ಅವಶೇಷವಾಗುವ ಅಪಾಯವೂ ಇದೆ.

ಅಲ್ಲಿ ಬೇಕಾದ್ದು ಇಷ್ಟು. ಮೊದಲು ಅಳತೆ: ಬೇಸಿಗೆಯಲ್ಲೂ ಮಳೆಗಾಲದಲ್ಲೂ, ಹಗಲೂ ರಾತ್ರಿಯೂ, ತಗ್ಗುಸ್ವರವನ್ನೂ ಸೇರಿಸಿ. ನಂತರ ಬಿಡಾರದ ಹಾದಿಗೆ ಹಾರ್ನ್ ನಿಷೇಧ ಮತ್ತು ವೇಗಮಿತಿ, ಅದನ್ನು ಜಾರಿಮಾಡುವ ಕ್ಯಾಮೆರಾ. ರಾತ್ರಿ ಹೊತ್ತಿನ ಭಾರಿ ಲಾರಿಗಳಿಗೆ ಇನ್ನೂ ಕಡಿಮೆ ವೇಗ. ದೂರದ ವಾಹನ ನಿಲುಗಡೆ. ಮುಂದೆ ರಸ್ತೆ ಅಗಲಗೊಳಿಸುವ ಯೋಜನೆ ಬಂದರೆ ಅಭಯಾರಣ್ಯದ ಒಳಗೆ ಅದಕ್ಕೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು. ಸದ್ದಿನ ಪ್ರಶ್ನೆಯನ್ನು ನಕ್ಷೆ ಬರೆಯುವ ಹಂತದಲ್ಲೇ ಎತ್ತಬೇಕು, ಡಾಂಬರು ಬಿದ್ದ ಮೇಲಲ್ಲ. ಗೋಡೆ ಬೇಕಾದಲ್ಲಿ ಪೆಂಚ್‌ನಂತೆ ಪ್ರಾಣಿಗಳ ಕೆಳದಾರಿಯ ಜೊತೆಗೇ ಬರಲಿ.

ಇದಕ್ಕೆ ದೊಡ್ಡ ಚಳವಳಿ ಬೇಕಿಲ್ಲ. ಗ್ರಾಮಸಭೆಯ ಒಂದು ನಿರ್ಣಯ, ಜಿಲ್ಲಾಧಿಕಾರಿಗಳಿಗೆ, ಪೊಲೀಸರಿಗೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದೊಂದು ಮನವಿ, ಅವುಗಳಿಗೆ ಉತ್ತರ ಬರುವವರೆಗೆ ಬಿಡದ ಹಟ ಇಷ್ಟಿದ್ದರೆ ಕೆಲಸ ಶುರುವಾಗುತ್ತದೆ. ಆ ರಸ್ತೆಯಲ್ಲಿ ಹೋಗುವ ನಾವು ಇವತ್ತೇ ಮಾಡಬಹುದಾದ್ದೂ ಇದೆ. ಗಾಜನೂರು ದಾಟುತ್ತಲೇ ವೇಗ ಇಳಿಸಿ, ಮಂಡಗದ್ದೆ ಕಳೆಯುವವರೆಗೆ ಅನಿವಾರ್ಯವಲ್ಲದೆ ಹಾರ್ನ್ ಒತ್ತಬೇಡಿ.